ಕತ್ತಿ ತೊಳೆದಿಟ್ಟ ವಾರ

ಕಸಾಯಿಖಾನೆಯ ಹಿಂದಿನ ಹೊಂಡಕ್ಕೆ ಜೀವವಿದೆ ಎಂದರೆ ಹೊರಗಿನವರು ನಗುತ್ತಾರೆ. ಒಳಗೆ ಕೆಲಸ ಮಾಡುವವರು ನಗುವುದಿಲ್ಲ. ಅದರ ಹೊಟ್ಟೆ ಕೆಟ್ಟರೆ ಏನಾಗುತ್ತದೆಂದು ಅವರು ಒಮ್ಮೆ ಕಣ್ಣಾರೆ ಕಂಡಿದ್ದಾರೆ.

ಹೊಂಡವನ್ನು ನೋಡಿಕೊಳ್ಳುತ್ತಿದ್ದ ಮುದುಕನನ್ನು ಎಲ್ಲರೂ ಹೊಂಡದಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಕೊಯ್ಯುವ ಅಂಗಳದಲ್ಲಿ ಬಿದ್ದ ರಕ್ತ ಬೇರೆ ತೊಟ್ಟಿಗೆ ಹೋಗಬೇಕು; ಅದನ್ನು ಕುದಿಸಿ ಒಣಗಿಸಿ ಪುಡಿ ಮಾಡುತ್ತಾರೆ. ದನಗಳ ಹೊಟ್ಟೆಯಿಂದ ಬಿದ್ದ ಅರೆಬರೆ ಜೀರ್ಣವಾದ ಹುಲ್ಲು ತಳ್ಳುಗಾಡಿಯಲ್ಲಿ ಗೊಬ್ಬರದ ಗುಂಡಿಗೆ ಹೋಗುತ್ತದೆ. ಉಳಿಯುವುದು ನೆಲ ತೊಳೆದ ನೀರು. ಅದು ಮೋರಿಯಲ್ಲಿ ಹರಿದು ಬಂದು, ಕೂದಲನ್ನೂ ಚರ್ಮದ ಚೂರುಗಳನ್ನೂ ಜಾಲರಿಗೆ ಒಪ್ಪಿಸಿ, ಜಿಡ್ಡನ್ನು ಕೊಬ್ಬಿನ ತೊಟ್ಟಿಯಲ್ಲಿ ಬಿಟ್ಟು, ಕೊನೆಗೆ ಹೊಂಡವನ್ನು ಸೇರುತ್ತದೆ. ಹೊಂಡದ ತಳದಲ್ಲಿ ಕರಿ ಕೆಸರು. ಆ ಕೆಸರಿನಲ್ಲಿ ಕಣ್ಣಿಗೆ ಕಾಣದ ಹುಳುಗಳು. ಬಂದದ್ದನ್ನೆಲ್ಲ ಅವು ತಿಂದು ತೇಗುತ್ತವೆ. ಆ ತೇಗೇ ಗುಳ್ಳೆ, ಆ ತೇಗೇ ನಾತ. ಅವು ತಿಂದು ಬಿಟ್ಟ ನೀರು ತೂಬಿನಿಂದ ಹೊರಬಂದು, ಜೊಂಡಿನ ನಡುವೆ ನಿಧಾನವಾಗಿ ಸಾಗಿ, ಹಳ್ಳಕ್ಕೆ ಇಳಿಯುತ್ತದೆ. ಹಳ್ಳದ ಮರಳಿನಲ್ಲಿ ಒರತೆ ತೋಡಿ ಕೆಳಗೇರಿಯವರು ಕೊಡ ತುಂಬಿಕೊಳ್ಳುತ್ತಾರೆ. ಅವರಿಗೆ ಬೇರೆ ನೀರಿಲ್ಲ.

ಹಿಂದೊಮ್ಮೆ ನೆಲ ತೊಳೆಯುವವನೊಬ್ಬ ಹೊಸದಾಗಿ ಸೇರಿದ್ದ. ಮೇಲಿನವರ ಕಣ್ಣಿಗೆ ಒಳ್ಳೆಯವನಾಗಬೇಕೆಂದು ಬ್ಲೀಚಿಂಗ್ ಪುಡಿಯನ್ನು ಬೊಗಸೆ ಬೊಗಸೆ ಎರಚಿ ಅಂಗಳವನ್ನು ಬೆಳ್ಳಗೆ ಮಾಡಿದ. ಆ ನೀರು ಹೊಂಡಕ್ಕೆ ಬಂತು, ಹುಳುಗಳು ಸತ್ತವು, ಹೊಂಡ ತಿನ್ನುವುದನ್ನು ನಿಲ್ಲಿಸಿತು. ಹುಳು ಮುಟ್ಟದ ನೀರು ಹಾಗೆಯೇ ಹಳ್ಳಕ್ಕೆ ಹೋಯಿತು. ಕೆಳಗೇರಿಯಲ್ಲಿ ವಾಂತಿ ಭೇದಿ ಹತ್ತಿ ಮನೆಮನೆಯಲ್ಲೂ ಮಲಗಿದರು. ದೊಡ್ಡವರು ಎದ್ದರು, ಎಳೆಯ ಮಕ್ಕಳು ಏಳಲಿಲ್ಲ. ಅವರಲ್ಲಿ ಹೊಂಡದಪ್ಪನ ಹೆಂಡತಿಯ ತಂಗಿಯ ಮಗಳೂ ಒಬ್ಬಳು. ಆಮೇಲೆ ಬ್ಲೀಚಿಂಗ್ ಪುಡಿಯ ಡ್ರಮ್ಮುಗಳನ್ನೆಲ್ಲ ಹೊಂಡದಪ್ಪ ತನ್ನ ಕೊಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಒಂದು ಚಮಚ ಬೇಕೆಂದರೂ ಅವನ ಮುಂದೆ ನಿಂತು ಕಾರಣ ಹೇಳಬೇಕಾಗಿತ್ತು.

ಆ ಬೀಗವನ್ನು ತೆಗೆದವನು ಅವನೇ.

ಹೊಂಡದ ದಂಡೆಗೆ ಹೊಂದಿಕೊಂಡ ಎರಡು ಕೋಣೆಯ ಮನೆಯಲ್ಲಿ ಅವನ ಹೆಂಡತಿ ಎದೆಯ ಕಾಯಿಲೆಯಿಂದ ಮಲಗಿದ್ದಳು. ಡಾಕ್ಟರು ಬಂದು ನೋಡಿ, ಗಾಡಿಯಲ್ಲಿ ಅಲುಗಾಡಿಸಿದರೆ ದಾರಿಯಲ್ಲೇ ಹೋಗುತ್ತಾಳೆ, ಇರುವಷ್ಟು ದಿನ ಇಲ್ಲೇ ಇರಲಿ ಎಂದು ಹೇಳಿ ಹೋಗಿದ್ದರು. ಮದುವೆಯಾಗಿ ಬಂದ ದಿನದಿಂದ ಆ ಮನೆಯಲ್ಲಿದ್ದವಳು ಅವಳು. ಒಗೆದ ಬಟ್ಟೆಯನ್ನು ಒಳಗೇ ಹರವುತ್ತಿದ್ದಳು, ಗಾಳಿ ತಿರುಗಿದಾಗ ಸುಮ್ಮನೆ ಎದ್ದು ಕಿಟಕಿ ಮುಚ್ಚುತ್ತಿದ್ದಳು. ನಾತದ ಮಾತನ್ನು ಬಾಯಿಬಿಟ್ಟು ಆಡಿದವಳಲ್ಲ. ಹೊಂಡದಪ್ಪನಿಗಂತೂ ಆ ನಾತ ಮೂಗಿಗೆ ತಾಕುವುದು ಯಾವತ್ತೋ ನಿಂತುಹೋಗಿತ್ತು.

ಒಂದು ರಜೆಯ ದಿನ ಮಧ್ಯಾಹ್ನ ಅವಳು ಅವನ ಮುಂಗೈ ಹಿಡಿದುಕೊಂಡು ಹೇಳಿದಳು: "ರೀ, ಒಂದು ದಿನ. ಒಂದೇ ಒಂದು ದಿನ ಈ ನಾತ ಇಲ್ದೆ ಉಸಿರಾಡಿ ಹೋಗ್ಬಿಡ್ತೀನಿ."

"ಅಷ್ಟೊಂದು ಬರುತ್ತೇನೇ?"

ಅವಳು ಅವನನ್ನೇ ನೋಡಿದಳು. "ನಿಮ್ಗೆ ಬರೋದೇ ಇಲ್ವಾ?"

ಅವನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು. ಇಷ್ಟು ವರ್ಷ ಒಂದೇ ಸೂರಿನಡಿ ಬಾಳಿ, ಅವಳು ಪ್ರತಿ ಉಸಿರಿಗೂ ಒಳಗೆ ಎಳೆದುಕೊಳ್ಳುತ್ತಿದ್ದದ್ದು ಏನೆಂದು ಅವನಿಗೆ ಗೊತ್ತೇ ಇರಲಿಲ್ಲ. ಎದ್ದು ಕೊಟ್ಟಿಗೆಗೆ ಹೋದ. ಸ್ವಲ್ಪ ಹಾಕುತ್ತೇನೆ, ಮೇಲುಪದರಕ್ಕೆ ಮಾತ್ರ, ತಳದ ಕೆಸರಿಗೆ ಮುಟ್ಟುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಸ್ವಲ್ಪ ಹಾಕಿ ಒಳಗೆ ಬಂದು ಅವಳ ಮುಖ ನೋಡಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಮತ್ತೆ ಹೋದ. ಮತ್ತೆ ಬಂದ. ಸಂಜೆಯ ಹೊತ್ತಿಗೆ ಡ್ರಮ್ಮುಗಳು ಬರಿದಾಗಿದ್ದವು.

"ಈಗ ಬಟ್ಟೆ ಒಗೆದ ಹಾಗೆ ವಾಸನೆ ಬರ್ತಿದೆ" ಎಂದಳು ಅವಳು. ಕಿಟಕಿ ತೆರೆಸಿದಳು. ದಿಂಬಿಗೆ ಒರಗಿ ಕುಳಿತು ಗಂಜಿ ಕುಡಿದಳು. ಅವನು ದೇವರಿಗೆ ಕೈ ಮುಗಿದ. ಆದರೆ ಆ ಹೊತ್ತು ಅವನ ಬಾಯಿಗೆ ಪ್ರಾರ್ಥನೆಯ ಯಾವ ಮಾತೂ ಬರಲಿಲ್ಲ.

ರಜೆ ಕಳೆದು ಕೆಲಸ ಶುರುವಾದ ಮೇಲೆ ಹೊಂಡದಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಮೇಲೆ ಕಟ್ಟಿದ್ದ ದಪ್ಪ ಕೆನೆ ಚೂರುಚೂರಾಗಿ ಮುಳುಗಿತು. ನೀರು ಮಾಂಸ ತೊಳೆದ ಬಣ್ಣಕ್ಕೆ ತಿರುಗಿ ಹಾಗೇ ನಿಂತಿತು. ಹೊಂಡದಪ್ಪ ಒಂದು ಕೋಲನ್ನು ತಳಕ್ಕೆ ಇಳಿಸಿ ಎತ್ತಿ ಮೂಸಿದ. ತಳದ ಕೆಸರಿಗೂ ಆಸ್ಪತ್ರೆಯ ವಾಸನೆ ಹತ್ತಿತ್ತು. ಅವನು ತೂಬಿನ ಹಲಗೆಯನ್ನು ಇಳಿಸಿ, ಸಂದಿಗೆ ಜೇಡಿಮಣ್ಣು ಮೆತ್ತಿ ಬಿಗಿಮಾಡಿದ. ಒಂದು ಹನಿಯೂ ಹಳ್ಳಕ್ಕೆ ಹೋಗಬಾರದು. ಆದರೆ ಅಂಗಳದ ನೀರು ದಿನವೂ ಬಂದು ತುಂಬುತ್ತಲೇ ಇರುತ್ತದೆ. ಮಣ್ಣಿನ ದಂಡೆ ಎಷ್ಟು ತಡೆದೀತು?

ಅವನು ನೇರವಾಗಿ ಮ್ಯಾನೇಜರ ಬಳಿಗೆ ಹೋಗಿ, ಏನೂ ಮುಚ್ಚದೆ ಹೇಳಿದ: ನಾನೇ ಮಾಡಿದೆ, ಹೊಂಡ ಸತ್ತಿದೆ, ಮತ್ತೆ ಬದುಕಿಸಬಹುದು, ಆದರೆ ಒಂದು ವಾರ ಕೊಯ್ಯುವುದನ್ನು ನಿಲ್ಲಿಸಬೇಕು.

ಮ್ಯಾನೇಜರು ಕೆಟ್ಟ ಮನುಷ್ಯನಲ್ಲ. ಕೋಪ ಮಾಡಿಕೊಳ್ಳಲಿಲ್ಲ. "ಹೆಂಡತಿಗೋಸ್ಕರ ಮಾಡ್ದೆ, ಆಗಿದ್ದಾಯ್ತು. ಯಾರ ಹತ್ರಾನೂ ಹೇಳ್ಕೊಂಡು ತಿರುಗ್ಬೇಡ. ಆದ್ರೆ ಒಂದು ವಾರ ನಿಲ್ಸು ಅಂದ್ರೆ ಹೇಗಪ್ಪ? ಆಸ್ಪತ್ರೆಗೆ, ಜೈಲಿಗೆ, ಹಾಸ್ಟೆಲ್ಲಿಗೆ ಎಲ್ಲಾ ನಮ್ಮಿಂದಾನೇ ಹೋಗ್ಬೇಕು. ಅವರಿಗೆ ಏನಂತ ಹೇಳ್ಲಿ? ಹೊಂಡಕ್ಕೆ ಹುಷಾರಿಲ್ಲ ಅಂತಾನಾ?"

"ಕೆಳಗೇರಿ ಇದೆ ಸ್ವಾಮಿ."

"ಕೆಳಗೇರಿ ಮೊದ್ಲಿಂದಾನೂ ಇದೆ. ದಂಡೆ ಒಡೆದ್ರೆ ಒಂದೇ ಸಲಕ್ಕೆ ನುಗ್ಗುತ್ತೆ, ಅದಕ್ಕಿಂತ ತೂಬಲ್ಲಿ ಸ್ವಲ್ಪ ಸ್ವಲ್ಪ ಬಿಡೋದು ವಾಸಿ. ನೀನು ತೆಗೀತೀಯೋ, ಬೇರೆಯವರ ಕೈಲಿ ತೆಗೆಸ್ಲೋ, ನಾಳೆ ಸಂಜೆ ಒಳಗೆ ಹೇಳು."

ಆ ಕಸಾಯಿಖಾನೆಯಲ್ಲಿ ಕೊಯ್ಯುವುದು ನಿಲ್ಲುತ್ತಿದ್ದದ್ದು ಒಂದೇ ಕಾರಣಕ್ಕೆ. ಅಲ್ಲಿ ದುಡಿಯುವವರ ಮನೆಯಲ್ಲಿ ಸಾವಾದರೆ, ಆ ಮನೆಯ ಗಂಡಸು ಅಂಗಳದ ಬಾಗಿಲಿಗೆ ಬಂದು ತನ್ನ ಬಾಯಿಂದಲೇ ಹೇಳಬೇಕು. ಅವನು ಹೇಳಿದ ಕ್ಷಣ ಕತ್ತಿಗಳನ್ನು ಬಿಸಿನೀರಿನಲ್ಲಿ ತೊಳೆದು ಗೋಡೆಗೆ ನೇತುಹಾಕುತ್ತಾರೆ. ಒಂದು ವಾರ ಯಾರೂ ಮುಟ್ಟುವುದಿಲ್ಲ. ಸಾವು ಬಂದು ಕೂತಿರುವಾಗ ಕೈಯಾರೆ ಇನ್ನೊಂದು ಸಾವನ್ನು ಕರೆಯಬಾರದು ಎಂಬುದು ಅವರ ಕಟ್ಟಳೆ. ಮಾಲೀಕನು ಒಮ್ಮೆ ಹೊರಗಿನಿಂದ ಆಳುಗಳನ್ನು ಕರೆಸಿದ್ದ. ವಿಷಯ ತಿಳಿದ ಕೂಡಲೇ ಅವರೂ ಬಾಗಿಲಿನಿಂದಲೇ ಹಿಂದಿರುಗಿದ್ದರು. ಆಮೇಲೆ ಅವನು ಆ ತಂಟೆಗೆ ಹೋಗಲಿಲ್ಲ.

ಕತ್ತಿ ಹಿಡಿಯುವವರಿಗೆಲ್ಲ ಮೇಸ್ತ್ರಿಯಾಗಿದ್ದವನು ಹೊಂಡದಪ್ಪನ ಹೆಂಡತಿಯ ಬೆನ್ನಿಗೆ ಬಿದ್ದ ತಮ್ಮ. ಎತ್ತರದ ಆಳು, ಮಾತು ಒರಟು, ಅಕ್ಕನೆಂದರೆ ಜೀವ. ಸಂಜೆ ಕೈಕಾಲು ತೊಳೆದುಕೊಂಡು ಅಕ್ಕನನ್ನು ನೋಡಲು ಬಂದವನು, ಭಾವ ದಂಡೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತಿರುವುದನ್ನು ಕಂಡ. ಹೊಂಡವನ್ನೂ ಕಂಡ. ಅವನಿಗೆ ಬಿಡಿಸಿ ಹೇಳಬೇಕಾದ್ದೇನೂ ಇರಲಿಲ್ಲ.

"ಭಾವ, ನೀವಾ?"

"ನಾನೇ."

"ಬೇರೆ ಯಾರಾದ್ರೂ ಮಾಡಿದ್ರೆ ಈ ಹೊಂಡಕ್ಕೇ ತಳ್ತಿದ್ರಿ."

"ಹೌದು."

ಮೇಸ್ತ್ರಿ ಪಕ್ಕದಲ್ಲಿ ಕೂತ. ಒಳಗಿನಿಂದ ಅಕ್ಕನ ಕೆಮ್ಮು ಕೇಳಿಸಿತು. ಎರಡು ದಿನದಿಂದ ಅದು ಸಡಿಲವಾಗಿತ್ತು. "ಅಕ್ಕ ಹೇಗಿದಾಳೆ?"

"ಇವತ್ತು ಗಂಜಿ ಕುಡಿದ್ಲು. ತಲೆ ಬಾಚು ಅಂದ್ಲು, ಬಾಚಿದೆ." ಅವನು ಅದನ್ನು ಹೇಳಿದ ರೀತಿಯಲ್ಲಿ ಸಂತೋಷವಿರಲಿಲ್ಲ. ತನ್ನ ದನಿ ತನಗೇ ಕೇಳಿಸಿ ಅವನು ಬೆಚ್ಚಿದ.

ಮೇಸ್ತ್ರಿ ಅವನ ಮುಖ ನೋಡಿದ. "ಮ್ಯಾನೇಜರು ಏನಂದ್ರು?"

"ನಿಲ್ಸಲ್ಲ ಅಂದ್ರು. ನಾಳೆ ಸಂಜೆ ಒಳಗೆ ತೂಬು ತೆಗೀಬೇಕಂತೆ."

"ಅದಕ್ಕೇ ಇಲ್ಲಿ ಕೂತಿದೀರಾ? ಅಕ್ಕ ಇವತ್ತು ಹೋಗ್ತಾಳೋ ನಾಳೆ ಹೋಗ್ತಾಳೋ ಅಂತ ಲೆಕ್ಕ ಹಾಕ್ಕೊಂಡು?"

ಮಧ್ಯಾಹ್ನದಿಂದ ಹೊಂಡದಪ್ಪನ ಎದೆಯೊಳಗೆ ಹಾವಿನಂತೆ ಸುತ್ತಿಕೊಂಡು ಮಲಗಿದ್ದ ಆಲೋಚನೆಯನ್ನು ಭಾಮೈದ ಬಾಲ ಹಿಡಿದು ಹೊರಗೆ ಎಳೆದುಬಿಟ್ಟಿದ್ದ. ದೇವರಿಗೆ ಕೈ ಮುಗಿದಾಗ ಮಾತು ಬಾರದೆ ಹೋದದ್ದು ಯಾಕೆಂದು ಅವನಿಗೆ ಆಗ ತಿಳಿಯಿತು. ಏನು ಬೇಡಲಿ? ಅವಳು ಉಳಿಯಲಿ ಎಂದರೆ ಕೆಳಗೇರಿಯ ಮಕ್ಕಳು. ಮಕ್ಕಳು ಉಳಿಯಲಿ ಎಂದರೆ ಅವಳು.

ಕಿಟಕಿ ತೆರೆದೇ ಇತ್ತು.

"ಇಬ್ಬರೂ ಒಳಗೆ ಬನ್ನಿ" ಎಂದು ಅವಳು ಕರೆದಳು. ದೊಡ್ಡ ದನಿಯಲ್ಲ, ಆದರೆ ಅವಳು ಆ ದನಿಯಲ್ಲಿ ಕರೆದರೆ ಇಬ್ಬರೂ ಮೊದಲಿನಿಂದಲೂ ಎದ್ದು ಹೋಗುತ್ತಿದ್ದರು.

ಇಬ್ಬರೂ ಹಾಸಿಗೆಯ ಬಳಿ ನಿಂತರು. ಅವಳು ಒಬ್ಬರ ನಂತರ ಒಬ್ಬರನ್ನು ನೋಡಿದಳು. "ನಾನು ಸತ್ತೆ ಅಂತ ಹೇಳ್ಬಿಡಿ."

"ಬಿಡ್ತು ಅನ್ನೇ" ಎಂದ ಹೊಂಡದಪ್ಪ.

"ಯಾಕೆ ಬಿಡ್ತು? ಇವತ್ತಲ್ಲ ನಾಳೆ ಸಾಯೋಳೇ. ಸ್ವಲ್ಪ ಮುಂಚೆ ಹೇಳಿದ್ರೆ ಏನು ಗಂಟು ಹೋಗುತ್ತೆ? ಈ ಎದೆ ಕಾಯಿಲೆ ಅಂಟುತ್ತೆ, ಯಾರೂ ಮುಖ ನೋಡ್ಬಾರ್ದು, ಮನೆಯವ್ರೇ ಮಣ್ಣು ಮಾಡ್ತೀವಿ ಅಂತ ಇವನು ಹೇಳ್ಲಿ. ನಾನು ಬಾಗಿಲು ಹಾಕ್ಕೊಂಡು ಬಿದ್ದಿರ್ತೀನಿ."

"ಅಕ್ಕ, ಇದು ಆಟ ಅಲ್ಲ."

"ತಂಗಿ ಮಗಳನ್ನ ಆವತ್ತು ಈ ಕೈಲೇ ಸ್ನಾನ ಮಾಡ್ಸಿದ್ದು ಕಣೋ. ನನ್ನ ಮೂಗಿನ ಸುಖಕ್ಕೆ ಇನ್ನೊಂದು ಮಗೂನ ಮಲಗ್ಸೋದು ಬೇಡ." ಅವಳು ಗಂಡನ ಕಡೆಗೆ ತಿರುಗಿದಳು. "ಸಾವಿನ ಮಾತು ಮಾತ್ರ ನೀವೇ ಹೇಳ್ಬೇಕು. ಇವನು ಹೇಳಿದ್ರೆ ನಡೆಯಲ್ಲ."

ಹೊಂಡದಪ್ಪ ಸುಳ್ಳು ಹೇಳಿ ಬದುಕಿದವನಲ್ಲ. ಸುಳ್ಳು ಸಣ್ಣದಾಗಲಿ ದೊಡ್ಡದಾಗಲಿ, ಮೇಲಿರುವವನು ಕೇಳಿಸಿಕೊಳ್ಳುತ್ತಾನೆ ಎಂದು ನಂಬಿದವನು. ಅದಕ್ಕಿಂತ ಹೆಚ್ಚಾಗಿ ಅವನನ್ನು ಹೆದರಿಸಿದ್ದು ಇನ್ನೊಂದು: ಬಾಯಿಬಿಟ್ಟು ಆಡಿದ್ದನ್ನು ದೇವರು ಬೇಡಿಕೆಯೆಂದು ತಿಳಿದು ನಡೆಸಿಕೊಟ್ಟರೆ?

ಬೆಳಿಗ್ಗೆ ಸೈರನ್ ಆದ ಮೇಲೆ ಅವನು ಅಂಗಳದ ಬಾಗಿಲಿಗೆ ಹೋದ. ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ಒದ್ದೆ ಹೊಸ್ತಿಲ ಮೇಲೆ ನಿಂತ. ಮೊದಲ ದನವನ್ನು ಆಗಲೇ ಹಗ್ಗ ಹಿಡಿದು ತಂದಿದ್ದರು. ಅವನನ್ನು ಬಾಗಿಲಲ್ಲಿ ಕಂಡು ಒಬ್ಬೊಬ್ಬರೇ ಕೈ ನಿಲ್ಲಿಸಿದರು. ಅವನ ಮುಖ ನೋಡಿದರೆ ಸಾಕಾಗಿತ್ತು. ಆದರೂ ಮಾತು ಆಡಲೇಬೇಕು.

"ನಮ್ಮನೆ ದೀಪ ಆರ್ಹೋಯ್ತು" ಎಂದ.

ಮೇಸ್ತ್ರಿ ಯಾರ ಮುಖವನ್ನೂ ನೋಡದೆ ಕತ್ತಿಯನ್ನು ಬಿಸಿನೀರಿನ ತೊಟ್ಟಿಗೆ ಇಳಿಸಿದ. ಉಳಿದವರೂ ಇಳಿಸಿದರು. ತಂದಿದ್ದ ದನವನ್ನು ಹಿಂದಕ್ಕೆ ಕರೆದುಕೊಂಡು ಹೋದರು. ಮ್ಯಾನೇಜರು ಕಚೇರಿಯ ಮೆಟ್ಟಿಲಿನವರೆಗೆ ಬಂದು, ಕನ್ನಡಕ ತೆಗೆದು ನಿಂತು, ಒಳಗೆ ಹೋದರು.

ಆ ಸಂಜೆ ಗೊಬ್ಬರದ ಗುಂಡಿಗಳ ಆಚೆ, ಕಸಾಯಿಖಾನೆಯವರನ್ನು ಮಣ್ಣು ಮಾಡುವ ದಿಬ್ಬದಲ್ಲಿ, ಭಾವ ಭಾಮೈದ ಇಬ್ಬರೇ ಗುಂಡಿ ತೋಡಿ, ಬರಿಗುಂಡಿಗೆ ಮತ್ತೆ ಮಣ್ಣು ಎಳೆದರು. ತಲೆಯ ಕಡೆ ಒಂದು ಕಲ್ಲು ನಿಲ್ಲಿಸಿದರು. ಮೇಸ್ತ್ರಿ ಕೈ ಝಾಡಿಸಿಕೊಂಡು, "ಬದುಕಿರೋ ಅಕ್ಕನಿಗೆ ಮಣ್ಣು ಹಾಕಿದ ತಮ್ಮ ಇನ್ನೆಲ್ಲಾದ್ರೂ ಇದ್ದಾನಾ ಭಾವ?" ಎಂದ. ಹೊಂಡದಪ್ಪ ಕಲ್ಲಿನ ಬುಡಕ್ಕೆ ಇನ್ನೊಂದು ಹಿಡಿ ಮಣ್ಣು ಒತ್ತಿದ.

ಮರುದಿನ ಎಲ್ಲರೂ ಬಂದರು. ಅಂಟುವ ಕಾಯಿಲೆಯೆಂದು ಹೊಸ್ತಿಲು ದಾಟಲಿಲ್ಲ. ಮನೆಯ ಮುಂದೆ ಗುಂಪಾಗಿ ನಿಂತರು. ಹೊಂಡದಪ್ಪ ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಅವನ ಬೆನ್ನ ಹಿಂದೆ, ಒಂದು ಹಲಗೆಯ ಆಚೆ, ಅವಳು ಬಾಯಿಗೆ ಬಟ್ಟೆ ತುರುಕಿಕೊಂಡು ಮಲಗಿದ್ದಳು.

ಚರ್ಮ ಸುಲಿಯುವವನು ಎಲ್ಲರಿಗಿಂತ ಮುಂದೆ ನಿಂತಿದ್ದ. ಬಾಯಿಬಡುಕ, ಯಾರನ್ನೂ ಗೇಲಿ ಮಾಡದೆ ಬಿಡದವನು. "ತಾಯಿ ಥರ ಇದ್ಲು" ಎಂದವನೇ ಗಳಗಳನೆ ಅತ್ತುಬಿಟ್ಟ. "ನನಗೆ ಬೈದಷ್ಟು ಇನ್ಯಾರಿಗೂ ಬೈದಿಲ್ಲ. ಇನ್ಮೇಲೆ ಯಾರು ಬೈತಾರೆ ನನಗೆ?"

ಆ ಹೊತ್ತಿಗೆ ಒಳಗಿನಿಂದ ಕೆಮ್ಮು ಕೇಳಿತು. ಒಂದೇ ಸಲ, ಬಟ್ಟೆಯೊಳಗೆ ಹೂತುಹೋದದ್ದು. ಹೊಂಡದಪ್ಪ ತಕ್ಷಣ ತಾನೇ ಕೆಮ್ಮಿದ. ಎದೆ ಹಿಡಿದುಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರುವವರೆಗೂ ಕೆಮ್ಮಿದ. ಗುಂಪು ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು.

"ಇವರಿಗೂ ಹತ್ತಿದೆ" ಎಂದು ಯಾರೋ ಪಿಸುಗುಟ್ಟಿದರು. ಸ್ವಲ್ಪ ಹೊತ್ತಿಗೆ ಎಲ್ಲರೂ ಹೊರಟುಹೋದರು.

ಅವನು ಒಳಗೆ ಬಂದಾಗ ಅವಳು ಬಟ್ಟೆ ತೆಗೆದು ಉಸಿರಿಗಾಗಿ ಒದ್ದಾಡುತ್ತಿದ್ದಳು. ಬಟ್ಟೆಯ ಮೇಲೆ ರಕ್ತದ ಕಲೆ ಇತ್ತು. ಆದರೂ ಕಣ್ಣಿನಲ್ಲಿ ನಗೆ. "ಚರ್ಮದವನು ನಿಜವಾಗ್ಲೂ ಅತ್ತನೇನ್ರೀ?"

"ಅತ್ತ."

"ಪಾಪ. ಒಂದ್ಸಲ ಅವನಿಗೆ ಪೊರಕೇಲಿ ಬಾರ್ಸಿದ್ದೆ." ನಗಲು ಹೋಗಿ ಮತ್ತೆ ಕೆಮ್ಮು ಬಂತು. ಅದು ನಿಂತ ಮೇಲೆ ಅವಳು ಹೇಳಿದಳು: "ಸತ್ತ ಮೇಲೆ ಜನ ಏನಂತಾರೆ ಅಂತ ಕೇಳ್ಸಿಕೊಳ್ಳೋ ಭಾಗ್ಯ ಯಾರಿಗಿದೆ ಹೇಳಿ. ನಿಮಗೆ ಸಿಗಲ್ಲ ಅದು."

ಇತ್ತ ಹೊಂಡದ ಕೆಲಸ ಶುರುವಾಯಿತು. ಕೆಟ್ಟ ಹಾಲನ್ನು ಚೆಲ್ಲಿ ಬೇರೆ ಹಾಲು ಕಾಯಿಸಬಹುದು. ಹೊಂಡವನ್ನು ಎಲ್ಲಿಗೆ ಚೆಲ್ಲುವುದು? ಅದರಲ್ಲೇ ಹೆಪ್ಪು ಹಾಕಬೇಕು. ಹಿಂದಿನ ಬೇಸಿಗೆಯಲ್ಲಿ ಎತ್ತಿ ಹಾಕಿದ್ದ ಕೆಸರು ಕೊಟ್ಟಿಗೆಯ ಹಿಂದೆ ರಾಶಿಯಾಗಿ ಬಿದ್ದಿತ್ತು. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಇನ್ನೂ ಹಸಿ, ಇನ್ನೂ ಕಪ್ಪು. ಹೊಂಡದಪ್ಪ ಅದನ್ನು ಬಗೆದು, ಗುಂಡಿಯಲ್ಲಿ ಬೆಚ್ಚಗೆ ಹೊಗೆಯಾಡುತ್ತಿದ್ದ ಹೊಟ್ಟೆಯ ಹುಲ್ಲನ್ನು ಬೆರೆಸಿ, ಕೈಯಿಂದಲೇ ಕಲಸಿ ಮುದ್ದೆ ಮಾಡಿದ. ಬ್ಲೀಚಿಂಗ್ ಪುಡಿಯ ಘಾಟು ಇಳಿಯಲೆಂದು ಕೋಲಿನಿಂದ ನೀರನ್ನು ಕಲಕಿ ಬಿಸಿಲಿಗೆ ಬಿಟ್ಟ. ಘಾಟು ಇಳಿದ ಮೇಲೆ ಮುದ್ದೆಗಳನ್ನು ಒಂದೊಂದು ಮೂಲೆಗೆ ಒಂದೊಂದರಂತೆ ತಳಕ್ಕೆ ಇಳಿಸಿದ. ಕತ್ತಿಗೆ ಕೆಲಸವಿಲ್ಲದ ಮೇಸ್ತ್ರಿಯೂ ಪಂಚೆ ಎತ್ತಿ ಕಟ್ಟಿ ಸೊಂಟದವರೆಗೆ ನೀರಿಗೆ ಇಳಿದಿದ್ದ.

"ಭಾವ, ಒಂದು ಮಾತು ಕೇಳ್ಲಾ?" ಎಂದ ಅವನು, ಮುದ್ದೆಯೊಂದನ್ನು ಕಾಲಿನಿಂದ ತಳಕ್ಕೆ ತುಳಿಯುತ್ತ. "ಅಕ್ಕ ಬದುಕಿಬಿಟ್ರೆ?"

"ಬದುಕ್ಲಿ."

"ಅಲ್ಲ, ಎಲ್ಲಿಡ್ತೀರಾ? ಊರಿಗೆಲ್ಲ ಸತ್ತೋಳು. ಬೆಳಿಗ್ಗೆ ಎದ್ದು ಅಂಗಳ ಗುಡಿಸ್ತಾ ನಿಂತ್ರೆ ಆ ಚರ್ಮದವನು ಅಲ್ಲೇ ಬಿದ್ದು ಸಾಯ್ತಾನೆ."

"ಬದುಕಿ ಎದ್ದು ಬರ್ಲಿ ಕಣಯ್ಯ. ಎಲ್ರೂ ನನ್ನ ಸುಳ್ಳುಗಾರ ಅಂತ ಉಗೀಲಿ. ಈ ಕೆಲಸದಿಂದ ಓಡಿಸ್ಲಿ. ನಾನು ದಿನಾ ಅದನ್ನೇ ಬೇಡ್ಕೊಳ್ತಿದೀನಿ: ತಂದೆ, ನನ್ನ ಮಾತು ಸುಳ್ಳು ಮಾಡಪ್ಪ ಅಂತ."

ಮೇಸ್ತ್ರಿ ತಲೆ ತಗ್ಗಿಸಿ ತುಳಿಯುತ್ತಲೇ ಇದ್ದ.

ವಾರ ಮುಗಿಯುತ್ತ ಬಂದಾಗ, ಒಂದು ಮುಂಜಾವ ಹೊಂಡದಪ್ಪ ದಂಡೆಯ ಮೇಲೆ ಪ್ರಾರ್ಥನೆಗೆ ಕಣ್ಣು ಮುಚ್ಚಿದವನು, ಅರ್ಧಕ್ಕೇ ಕಣ್ಣು ಬಿಟ್ಟ. ಮೂಗಿಗೆ ಏನೋ ತಾಕಿತ್ತು. ಕೊಳೆತ ಮೊಟ್ಟೆಯಂಥ, ಹಳೆಯ ಗಾಯದಂಥ ನಾತ. ಅಷ್ಟು ವರ್ಷಗಳ ನಂತರ ಅವನ ಮೂಗಿಗೆ ಅದು ಮೊದಲ ಸಲ ಹತ್ತಿತ್ತು. ಮೂಲೆಯಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು. ಅದರ ಪಕ್ಕದಲ್ಲಿ ಇನ್ನೊಂದು. ಅವನು ಮೊಣಕಾಲೂರಿ, ಹಣೆಯನ್ನು ದಂಡೆಯ ಮಣ್ಣಿಗೆ ಮುಟ್ಟಿಸಿದ. ಹೊಂಡ ತಿನ್ನಲು ಶುರುಮಾಡಿತ್ತು.

ಎದ್ದು ಮನೆಯೊಳಗೆ ಹೋದ. ಅವಳು ಎಚ್ಚರವಾಗಿದ್ದಳು. ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಿದ್ದಳು.

"ಬಂತಾ?" ಎಂದಳು.

"ಬಂತು."

"ಒಳ್ಳೇದಾಯ್ತು ಬಿಡಿ" ಎಂದು ಹೇಳಿ ಗೋಡೆಯ ಕಡೆಗೆ ಹೊರಳಿದಳು. ಅವನು ಹೋಗಿ ಕಿಟಕಿಯನ್ನು ಮುಚ್ಚಿದ. ಕಿಟಕಿ ಮುಚ್ಚಿ ಏನು ಪ್ರಯೋಜನವೆಂದು ಈಗ ಅವನಿಗೂ ಗೊತ್ತಾಗುತ್ತಿತ್ತು. ಹಂಚಿನ ಸಂದಿಯಿಂದ, ಬಾಗಿಲ ಕೆಳಗಿನಿಂದ, ಮಡಿಸಿಟ್ಟ ಬಟ್ಟೆಯ ಒಳಗಿನಿಂದ ಅದು ಬರುತ್ತಿತ್ತು. ಇಷ್ಟು ವರ್ಷವೂ ಹೀಗೇ ಬರುತ್ತಿದ್ದಿರಬೇಕು.

ವಾರ ಕಳೆಯಿತು. ಕತ್ತಿಗಳು ಗೋಡೆಯಿಂದ ಇಳಿದವು. ಮೊದಲು ಸ್ವಲ್ಪ, ಆಮೇಲೆ ಪೂರ್ತಿ ನೀರು ಬಂತು, ಹೊಂಡ ತಡೆದುಕೊಂಡಿತು. ಮೇಲೆ ಮತ್ತೆ ಕೆನೆ ಕಟ್ಟಿತು. ಹೊಂಡದಪ್ಪ ತೂಬಿನ ಜೇಡಿಮಣ್ಣು ಕೆರೆದು ಹಲಗೆಯನ್ನು ಎರಡು ಬೆರಳಿನಷ್ಟು ಎತ್ತಿದ. ಜೊಂಡಿನ ಆಚೆ ತುದಿಯಲ್ಲಿ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿದ. ಅಂಗೈಯ ಗೆರೆಗಳು ಕಾಣುತ್ತಿದ್ದವು. ಹಳ್ಳದವರೆಗೂ ನಡೆದು ಹೋಗಿ ದೂರದಲ್ಲಿ ನಿಂತ. ಕೆಳಗೇರಿಯ ಹೆಂಗಸರು ಒರತೆಯ ಸುತ್ತ ಜಗಳವಾಡುತ್ತ ಕೊಡ ತುಂಬುತ್ತಿದ್ದರು. ಒಬ್ಬಳ ಸೊಂಟದಲ್ಲಿದ್ದ ಕೂಸು ಒದ್ದೆ ಮರಳನ್ನು ಬಾಯಿಗೆ ಹಾಕಿಕೊಂಡಿತು. ಅವಳು ಅದರ ಕೈಗೆ ಒಂದು ಏಟು ಕೊಟ್ಟು ಬಾಯಿ ಒರೆಸಿದಳು. ಅವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಾಗುವುದೂ ಬೇಡವಾಗಿತ್ತು.

ಅದಾದ ಕೆಲವೇ ದಿನಗಳಿಗೆ, ಬೆಳಕು ಹರಿಯುವ ಮುಂಚೆ, ಅವಳು ಹೋದಳು. ಕೊನೆಗೆ ಉಸಿರು ಎಳೆದುಕೊಳ್ಳುವಾಗ ಪ್ರತಿ ಸಲವೂ ಮುಖ ಕಿವುಚುತ್ತಿದ್ದಳು. ಅದು ನೋವಿಗೋ ನಾತಕ್ಕೋ ಎಂದು ಅವನಿಗೆ ತಿಳಿಯಲಿಲ್ಲ, ಕೇಳುವುದಕ್ಕೂ ಧೈರ್ಯವಾಗಲಿಲ್ಲ. ಅವನು ಅವಳ ಕಣ್ಣು ಮುಚ್ಚಿ, ಗಲ್ಲ ಕಟ್ಟಿ, ಬಹಳ ಹೊತ್ತು ಕೈ ಹಿಡಿದು ಕೂತ. ದೇವರು ತನ್ನ ಮಾತನ್ನು ಸುಳ್ಳಾಗಲು ಬಿಡಲಿಲ್ಲ ಎಂಬ ಒಂದೇ ಆಲೋಚನೆ ಅವನ ತಲೆಯಲ್ಲಿ ತಿರುಗುತ್ತಿತ್ತು.

ಕಟ್ಟಳೆಯಂತೆ ಎದ್ದು ಅಂಗಳದ ಬಾಗಿಲ ಕಡೆಗೆ ಹೊರಟವನು, ಅರ್ಧ ದಾರಿಯಲ್ಲಿ ನಿಂತ. ಒಬ್ಬಳ ಸಾವನ್ನು ಎಷ್ಟು ಸಲ ಹೇಳುವುದು? ಆಡಬೇಕಾದ ಮಾತನ್ನು ಅವನು ಆಗಲೇ ಖರ್ಚು ಮಾಡಿಬಿಟ್ಟಿದ್ದ. ತಿರುಗಿ, ಮೇಸ್ತ್ರಿಯ ಮನೆಗೆ ಹೋಗಿ ಬಾಗಿಲು ತಟ್ಟಿದ. ಮೇಸ್ತ್ರಿ ಬಾಗಿಲು ತೆರೆದು ಭಾವನ ಮುಖ ನೋಡಿದ. ಸಲಿಕೆ ತೆಗೆದುಕೊಂಡು ಹಿಂದೆ ಬಂದ.

ಹೊಸ ಗುಂಡಿ ತೋಡಿದರೆ ಜನ ಕೇಳುತ್ತಾರೆ. ಬರಿದಾಗಿದ್ದ ಆ ಗುಂಡಿಯನ್ನೇ ತೆರೆದು, ಅವಳನ್ನು ಅದರಲ್ಲಿ ಮಲಗಿಸಿದರು. ಹೊಂಡದಪ್ಪ ಪ್ರಾರ್ಥನೆ ಹೇಳಿದ. ಈ ಸಲ ಮಾತು ಬಂತು, ಆದರೆ ಸೈರನ್ನಿಗೆ ಹೊತ್ತಾಗಿದ್ದರಿಂದ ಪೂರ್ತಿ ಹೇಳಲಾಗಲಿಲ್ಲ. ಮೇಸ್ತ್ರಿ ಮಣ್ಣು ಎಳೆಯುತ್ತ ಸದ್ದಿಲ್ಲದೆ ಅಳುತ್ತಿದ್ದ.

"ಭಾವ, ನಾನು ಇವತ್ತು ಕತ್ತಿ ಹಿಡೀಬೇಕಾ?"

"ಹಿಡೀದಿದ್ರೆ ಯಾಕೆ ಅಂತ ಕೇಳ್ತಾರೆ."

"ಅಕ್ಕ ಇಲ್ಲಿ ಹಸಿ ಮಣ್ಣಲ್ಲಿ ಮಲಗಿದಾಳೆ."

"ಹೌದು."

"ಹೌದು ಅಂತೀರಾ."

"ಇನ್ನೇನಂತ ಹೇಳ್ಲಿ ಕಣಯ್ಯ?"

ಸೈರನ್ ಆಯಿತು. ಇಬ್ಬರೂ ಕೈತೊಳೆದು ತಮ್ಮ ತಮ್ಮ ಕೆಲಸಕ್ಕೆ ಹೋದರು.

ಹೊಂಡದಪ್ಪ ಜಾಲರಿಯ ಬಳಿ ಉದ್ದ ಹಿಡಿಯ ಸಲಿಕೆ ಹಿಡಿದು ನಿಂತಾಗ, ಚರ್ಮದವನು ತಳ್ಳುಗಾಡಿ ನೂಕಿಕೊಂಡು ಬಂದ. ಗಾಡಿ ನಿಲ್ಲಿಸಿ ಬೀಡಿ ಹಚ್ಚಿದ. "ಏನು ಹೊಂಡದಪ್ಪ, ಕೆಮ್ಮು ನಿಂತಂಗಿದೆ? ಹೀಗೇ ಗಟ್ಟಿಯಾಗಿರು. ನಮ್ಮತ್ತೆ ಒಬ್ಳು ಇದಾಳೆ, ಗಂಡ ಸತ್ತೋಳು, ಅಡುಗೆ ಚೆನ್ನಾಗಿ ಮಾಡ್ತಾಳೆ, ಮೂಗು ಮಾತ್ರ ಕಟ್ಟಿದೆ. ನಿನ್ನ ಮನೆಗೆ ಹೇಳಿ ಮಾಡ್ಸಿದ ಹಾಗಿದಾಳೆ."

ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ಸಾವಾಗಿ ದಿನ ಕಳೆದಿದೆ, ಮುದುಕನನ್ನು ಸ್ವಲ್ಪ ನಗಿಸೋಣ ಎಂದುಕೊಂಡಿದ್ದ, ಅಷ್ಟೆ. ಹೊಂಡದಪ್ಪನೂ ತುಟಿ ಅರಳಿಸಿದ. "ಮೊದ್ಲು ನಿನ್ನ ಗಾಡಿ ಹೋಗ್ಲಿ, ಆಮೇಲೆ ಅತ್ತೆ ಬರ್ಲಿ" ಎಂದ. ಚರ್ಮದವನು ನಗುತ್ತ ಗಾಡಿ ನೂಕಿದ.

ಮೋರಿಯಲ್ಲಿ ನೀರು ಬರಲಿಲ್ಲ.

ಸೈರನ್ ಆದ ಸ್ವಲ್ಪ ಹೊತ್ತಿಗೆ ಮೊದಲ ನೀರು ಬರಬೇಕು. ಹೊಂಡದಪ್ಪ ಕಾದ. ಮೋರಿಯ ತಳ ಒಣಗುತ್ತ ಬಂತು, ಅಂಚಿನಲ್ಲಿ ನೊಣಗಳು ಕೂತವು. ಅಂಗಳದ ಕಡೆಯಿಂದ ದನಗಳ ಕೂಗು ಕೇಳುತ್ತಿತ್ತು. ಅವು ಬೀಳುವ ಸದ್ದು ಮಾತ್ರ ಇಲ್ಲ. ಅದರ ಬದಲು ಒಂದೇ ಸಮನೆ, ನಿಧಾನವಾಗಿ, ಸಾಣೆಕಲ್ಲಿನ ಮೇಲೆ ಉಕ್ಕು ಉಜ್ಜುವ ಸದ್ದು.

ಬರಿಗಾಡಿಯೊಂದಿಗೆ ಚರ್ಮದವನು ಹಿಂದಿರುಗಿದ. "ಇವತ್ತು ನಿನ್ನ ಭಾಮೈದನಿಗೆ ಏನಾಗಿದೆ? ಕತ್ತಿ ಮೊಂಡಾಗಿದೆ ಅಂತ ಮಸೀತಾ ಕೂತಿದಾನೆ. ಬಂದಾಗಿಂದ ಅದೇ. ಕತ್ತಿ ಕೂದಲು ಸೀಳೋ ಹಾಗಿದೆ, ಇನ್ನೂ ಸಾಲ್ದಂತೆ. ಅವನು ಮುಟ್ಟದೆ ಯಾರೂ ಮುಟ್ಟೋ ಹಾಗಿಲ್ಲ. ಮ್ಯಾನೇಜರು ಎರಡು ಸಲ ಬಂದು ಹೋದ್ರು."

"ಮೊಂಡಾಗಿರುತ್ತೆ" ಎಂದ ಹೊಂಡದಪ್ಪ. "ಒಂದು ವಾರ ಸುಮ್ನೆ ಗೋಡೆ ಮೇಲಿತ್ತಲ್ಲ."

ಅವನು ಸಲಿಕೆಯನ್ನು ಗೋಡೆಗೆ ಒರಗಿಸಿ, ಟವೆಲನ್ನು ತಲೆಯಿಂದ ತೆಗೆದು, ಬರಿ ಮೋರಿಯ ಪಕ್ಕದಲ್ಲಿ ನಿಂತ. ಬೆಳಿಗ್ಗೆ ಅರ್ಧಕ್ಕೆ ಬಿಟ್ಟ ಪ್ರಾರ್ಥನೆಯನ್ನು ಬಿಟ್ಟ ಜಾಗದಿಂದ ಹೇಳತೊಡಗಿದ. ಅವನ ಹಿಂದೆ ಹೊಂಡ ಗುಳುಗುಳು ಎನ್ನುತ್ತಿತ್ತು. ಅತ್ತ ಸಾಣೆಕಲ್ಲಿನ ಸದ್ದು ನಡೆದೇ ಇತ್ತು. ಕೊನೆಯ ಮಾತು ಮುಗಿಯುವವರೆಗೂ ಅದು ನಡೆಯಿತು.

ಆಮೇಲೆ ಮ್ಯಾನೇಜರ ದನಿ ಏರಿತು. ಸಾಣೆಕಲ್ಲು ಸುಮ್ಮನಾಯಿತು. ಮೊದಲ ದನ ನೆಲಕ್ಕೆ ಬಿದ್ದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮೋರಿಯ ಬಾಯಲ್ಲಿ ಕೆಂಪು ನೀರು ಕಾಣಿಸಿಕೊಂಡು, ಒಣಗಿದ ತಳವನ್ನು ನೆನೆಸುತ್ತ ಅವನ ಕಡೆಗೆ ಬಂತು. ಹೊಂಡದಪ್ಪ ಟವೆಲನ್ನು ತಲೆಗೆ ಸುತ್ತಿ, ಸಲಿಕೆಯನ್ನು ಜಾಲರಿಗೆ ಇಳಿಸಿದ.